ವಾಷಿಂಗ್ ಮೆಷಿನ್ ಗಡಗಡ ಅಂದರೆ ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಮೆಷಿನ್ ಸದ್ದು ಮಾಡ್ತಿದೆ ಅಂತ ಯಾರಾದರೂ ಹೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ಸದ್ದು ಯಾವಾಗ? ನೀರು ತುಂಬುವಾಗಲೋ, ಬಟ್ಟೆ ತಿರುಗುವಾಗಲೋ, ನೀರು ಆಚೆ ಹೋಗುವಾಗಲೋ, ಕೊನೆಗೆ ಹಿಂಡುವಾಗಲೋ? ಹೆಚ್ಚಿನವರು ಇದನ್ನು ಗಮನಿಸಿರುವುದಿಲ್ಲ. "ಅಯ್ಯೋ, ಗಡಗಡ ಅನ್ನತ್ತೆ ಮೇಡಂ, ಅಷ್ಟೇ" ಅಂತಾರೆ. ಆದರೆ ಅರ್ಧ ರಿಪೇರಿ ಈ ಪ್ರಶ್ನೆಯಲ್ಲೇ ಇದೆ. ಮೆಷಿನ್ ಒಳಗೆ ಎಲ್ಲ ಭಾಗಗಳೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಯಾವ ಹೊತ್ತಿಗೆ ಸದ್ದು ಬಂತು ಅಂತ ಗೊತ್ತಾದರೆ ಆ ಹೊತ್ತಿಗೆ ಕೆಲಸದಲ್ಲಿದ್ದ ಭಾಗ ಯಾವುದು ಅನ್ನುವುದೂ ಗೊತ್ತಾಗುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ಕೋಲಾರದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವಳು. ಲ್ಯಾಬ್‌ನಲ್ಲಿ ಕೆಟ್ಟ ಸಾಮಾನನ್ನು ಬಿಚ್ಚಿ ಜೋಡಿಸಿ ಅಭ್ಯಾಸ, ಆ ಚಟ ಮನೆಗೂ ಬಂತು. ನಮ್ಮ ಮನೆಯ ಫ್ರಂಟ್ ಲೋಡ್, ಅತ್ತೆಯ ಹಳೆಯ ಸೆಮಿ ಆಟೋಮ್ಯಾಟಿಕ್, ನಾದಿನಿ ಮನೆಯ ಟಾಪ್ ಲೋಡ್, ಮೂರಕ್ಕೂ ಕೈ ಹಾಕಿದ್ದೇನೆ.

ಮೊದಲು ಮೆಷಿನ್ ಖಾಲಿ ಮಾಡಿ. ಒಂದೂ ಬಟ್ಟೆ ಬೇಡ, ಪೌಡರ್ ಬೇಡ. ರಿನ್ಸ್ ಮತ್ತು ಸ್ಪಿನ್ ಮಾತ್ರ ಹಾಕಿ ಪಕ್ಕದಲ್ಲೇ ನಿಲ್ಲಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಯಾಕಂದರೆ ಮೆಕ್ಯಾನಿಕ್ ಬಂದ ದಿನ ಮೆಷಿನ್ ಮೌನವ್ರತ ಮಾಡುತ್ತದೆ. ಖಾಲಿ ಮೆಷಿನ್ ಸುಮ್ಮನಿದ್ದು ಬಟ್ಟೆ ಹಾಕಿದಾಗ ಮಾತ್ರ ಧಡಧಡ ಅಂದರೆ ದೋಷ ಬಹುಮಟ್ಟಿಗೆ ಬಟ್ಟೆ ಹಾಕುವ ರೀತಿಯಲ್ಲೋ, ಮೆಷಿನ್ ನಿಂತ ಜಾಗದಲ್ಲೋ, ಇಲ್ಲವೇ ಒಳಗಿನ ಶಾಕ್ ಅಬ್ಸಾರ್ಬರ್‌ನಲ್ಲೋ ಇರುತ್ತದೆ. ಖಾಲಿಯಲ್ಲೂ ಕೂಗಿದರೆ ತಿರುಗುವ ಭಾಗಗಳನ್ನು ನೋಡಬೇಕು.

ಬಿಚ್ಚುವ ಮುಂಚೆ ಒಂದು ಮಾತು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೆಷಿನ್ ಮೇಲಿಡಿ. ನಲ್ಲಿ ಬಂದ್ ಮಾಡಿ. ಸೆಮಿ ಆಟೋಮ್ಯಾಟಿಕ್ ಹಿಂಭಾಗದಲ್ಲಿ ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದು, ಅದರ ತಂತಿಗಳನ್ನು ಮುಟ್ಟಬೇಡಿ. ತಗಡಿನ ಅಂಚು ಬ್ಲೇಡಿನ ಹಾಗಿರುತ್ತದೆ, ಕೈಗವಸು ಹಾಕಿಕೊಳ್ಳಿ. ಫ್ರಂಟ್ ಲೋಡ್ ಅರವತ್ತು ಎಪ್ಪತ್ತು ಕೆಜಿ ತೂಗುತ್ತದೆ, ಒಬ್ಬರೇ ವಾಲಿಸಲು ಹೋಗಬೇಡಿ. ಮೆಷಿನ್ ಇನ್ನೂ ಗ್ಯಾರಂಟಿಯಲ್ಲಿದ್ದರೆ ಬಿಚ್ಚಲೇಬೇಡಿ, ಫೋನ್ ಮಾಡಿ.

ನಿಂತ ಜಾಗ

ನಮ್ಮ ಕಡೆ ಮನೆಗಳಲ್ಲಿ ಮೆಷಿನ್ ಇಡುವುದು ಯುಟಿಲಿಟಿಯಲ್ಲಿ, ಇಲ್ಲ ಬಚ್ಚಲುಮನೆಯಲ್ಲಿ. ಗಾರೆಯವರು ಆ ನೆಲವನ್ನು ನೀರು ಹರಿಯಲಿ ಅಂತ ಬೇಕೆಂದೇ ಇಳಿಜಾರು ಮಾಡಿರುತ್ತಾರೆ. ಅಂದ ಮೇಲೆ ಅಲ್ಲಿ ಇಟ್ಟ ಮೆಷಿನ್ ನೆಟ್ಟಗೆ ನಿಲ್ಲುವುದು ಹೇಗೆ? ಎದುರು ಮೂಲೆಗಳನ್ನು ಎರಡು ಕೈಯಲ್ಲಿ ಒತ್ತಿ ನೋಡಿ. ಟಕ್ ಅಂತ ಅಲುಗಿದರೆ ಒಂದು ಕಾಲು ನೆಲ ಮುಟ್ಟಿಲ್ಲ. ರಸಮಟ್ಟ ಇದ್ದರೆ ಮೇಲಿಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ, ಮೊಬೈಲ್‌ನಲ್ಲೂ ಅಂಥ ಆಪ್ ಸಿಗುತ್ತದೆ. ಕಾಲಿನಲ್ಲಿ ಒಂದು ಚೆಕ್ ನಟ್ ಇರುತ್ತದೆ. ಅದನ್ನು ಸಡಿಲ ಮಾಡಿ, ಕಾಲನ್ನು ತಿರುಗಿಸಿ ಎತ್ತರ ಸರಿ ಮಾಡಿ, ಮತ್ತೆ ಚೆಕ್ ನಟ್ಟನ್ನು ಮೆಷಿನ್ ತಳಕ್ಕೆ ಬಿಗಿಯಾಗಿ ಕೂರಿಸಿ. ಈ ಕೊನೆಯ ಕೆಲಸ ಬಿಟ್ಟರೆ ನಾಲ್ಕು ವಾಷ್‌ಗೆ ಕಾಲು ತಾನಾಗಿ ತಿರುಗಿ ಹಳೆಯ ಕಥೆ ಶುರು.

ಗಾಲಿ ಇರುವ ಟ್ರಾಲಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೀರಾ? ಅದನ್ನು ತೆಗೆದು ನೆಲದ ಮೇಲೆ ಇಟ್ಟು ಒಂದು ಸ್ಪಿನ್ ಹಾಕಿ ನೋಡಿ. ನನ್ನ ಮಟ್ಟಿಗೆ ಟ್ರಾಲಿ ಗ್ಯಾಸ್ ಸಿಲಿಂಡರಿಗೆ ಸರಿ, ಫ್ರಂಟ್ ಲೋಡಿಗೆ ಬೇಡವೇ ಬೇಡ. ಮೆಷಿನ್ ಗೋಡೆಗೆ, ನಲ್ಲಿಗೆ, ಪಕ್ಕದ ಬಕೆಟ್ಟಿಗೆ ತಾಗದ ಹಾಗೆ ನಾಲ್ಕು ಬೆರಳು ಜಾಗವನ್ನೂ ಬಿಡಿ. ಕೆಳಗೆ ಇಲಿ ಬಾರದಿರಲಿ ಅಂತ ಹಾಕಿಸಿದ ತಗಡು ಅಥವಾ ಜಾಲರಿ ಸಡಿಲವಾಗಿದ್ದರೆ ಅದೊಂದೇ ಸಾಕು, ಇಡೀ ಮೆಷಿನ್ ಬಿದ್ದುಹೋಗುವ ಹಾಗೆ ಕೇಳಿಸುತ್ತದೆ. ಹಾಗಂತ ಕಿತ್ತೆಸೆಯಬೇಡಿ, ಸ್ಕ್ರೂ ಬಿಗಿ ಮಾಡಿ. ಇಲಿ ವೈರ್ ಕಡಿದರೆ ಆ ಖರ್ಚೇ ಬೇರೆ.

ಹೊಸ ಫ್ರಂಟ್ ಲೋಡ್ ಮೊದಲ ದಿನವೇ ಕುಣಿದರೆ ಹಿಂದೆ ನೋಡಿ. ಸಾಗಿಸುವಾಗ ಡ್ರಮ್ ಅಲುಗದಿರಲಿ ಅಂತ ಮೂರು ನಾಲ್ಕು ದಪ್ಪ ಬೋಲ್ಟು ಹಾಕಿರುತ್ತಾರೆ. ಅವನ್ನು ತೆಗೆಯದೆ ಓಡಿಸಿದರೆ ಒಳಗಿನ ಸ್ಪ್ರಿಂಗುಗಳಿಗೆ ಕೆಲಸವೇ ಇರುವುದಿಲ್ಲ, ಅದುರೆಲ್ಲ ನೇರ ನೆಲಕ್ಕೆ. ತೆಗೆದ ಬೋಲ್ಟುಗಳನ್ನು ಒಂದು ಕವರ್‌ನಲ್ಲಿ ಹಾಕಿ ಇಟ್ಟುಕೊಳ್ಳಿ, ಮನೆ ಬದಲಿಸುವಾಗ ಬೇಕು.

ಬಟ್ಟೆಯ ಲೆಕ್ಕ

ಮಕ್ಕಳಿಗೆ ವೃತ್ತಾಕಾರದ ಚಲನೆ ಪಾಠ ಮಾಡುವಾಗ ನಾನು ಹಾಕಿಸುತ್ತಿದ್ದ ಲೆಕ್ಕ ಇದು. ಡ್ರಮ್ಮಿನ ನಡುವಿನಿಂದ ಅಂಚಿಗೆ 24 ಸೆಂಟಿಮೀಟರ್ ಅಂದುಕೊಳ್ಳಿ. ನಿಮಿಷಕ್ಕೆ 1200 ಸುತ್ತು ತಿರುಗಿದರೆ ಅಂಚಿನಲ್ಲಿರುವ ವಸ್ತು ತನ್ನ ತೂಕದ ಸುಮಾರು 385 ಪಟ್ಟು ಬಲದಿಂದ ಹೊರಕ್ಕೆ ಒತ್ತುತ್ತದೆ. ಒಂದು ಕಡೆ ಬರೀ 100 ಗ್ರಾಂ ಜಾಸ್ತಿ ಇದ್ದರೂ ಸುಮಾರು 38 ಕೆಜಿ ಎಳೆತ, ಅದೂ ಪ್ರತಿ ಸುತ್ತಿಗೆ ದಿಕ್ಕು ಬದಲಿಸುತ್ತಾ. ನೆನೆದ ಜೀನ್ಸ್ ಪ್ಯಾಂಟ್ ಒಂದೇ ಹಾಕಿದರೆ ಏನಾಗಬಹುದು ನೀವೇ ಹೇಳಿ. ವೇಗ ಅರ್ಧ ಮಾಡಿದರೆ ಈ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಕಂಬಳಿ, ಕಾಲೊರೆಸು, ಜಮಖಾನೆ ಒಗೆಯುವ ದಿನ ಸ್ಪಿನ್ 600ಕ್ಕೆ ಇಡಿ. ಸದ್ದು ಅರ್ಧಕ್ಕರ್ಧ ಇಳಿಯುತ್ತದೆ, ಬಟ್ಟೆ ಒಣಗಲು ಸ್ವಲ್ಪ ತಡ, ಅಷ್ಟೇ.

ಭಾರದ ಬಟ್ಟೆ ಒಂದನ್ನೇ ಹಾಕುವ ಬದಲು ಜೊತೆಗೆ ಎರಡು ಟವೆಲ್ ಹಾಕಿ. ದಿಂಬಿನ ಕವರ್ ಬಾಯಿಗೆ ಗುಂಡಿ ಹಾಕಿ, ಇಲ್ಲದಿದ್ದರೆ ಕಾಲುಚೀಲದಿಂದ ಕರ್ಚೀಫಿನವರೆಗೆ ಎಲ್ಲವೂ ಅದರೊಳಗೆ ಹೋಗಿ ಒಂದೇ ಉಂಡೆ ಆಗುತ್ತದೆ. ಪ್ಲಾಸ್ಟಿಕ್ ತಳದ ಕಾಲೊರೆಸು, ರೇನ್‌ಕೋಟ್ ಇಂಥವನ್ನು ಸ್ಪಿನ್‌ಗೆ ಹಾಕಲೇಬೇಡಿ. ನೀರು ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಆ ನೀರು ಒಂದೇ ಕಡೆ ಭಾರ ಹಾಕುತ್ತದೆ.

ನೀರು ತುಂಬುವಾಗ, ಹೊರಗೆ ಹೋಗುವಾಗ

ತುಂಬುವಾಗ ಬರೀ ಗುಂಯ್ ಅನ್ನುವುದು ವಾಲ್ವ್ ಸದ್ದು. ಸಣ್ಣದಾಗಿದ್ದರೆ ಅದು ಇರುವುದೇ ಹಾಗೆ. ಜಾಸ್ತಿಯಾಗಿ, ನೀರೂ ಸಣ್ಣಗೆ ಬರುತ್ತಿದ್ದರೆ ನಲ್ಲಿ ಪೈಪನ್ನು ಮೆಷಿನ್ ಹಿಂದಿನಿಂದ ಬಿಚ್ಚಿ. ಬಾಯಲ್ಲಿ ಬೆರಳ ತುದಿಯಷ್ಟು ಜಾಲರಿ ಕಾಣುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಓವರ್‌ಹೆಡ್ ಟ್ಯಾಂಕ್ ತೊಳೆದ ಮಾರನೇ ದಿನ ಇಲ್ಲಿ ಮರಳು ಗ್ಯಾರಂಟಿ. ನೀರು ನಿಂತ ಕ್ಷಣ ಗೋಡೆಯೊಳಗೆ ಟಪ್ ಅಂತ ಹೊಡೆದರೆ ನಲ್ಲಿಯನ್ನು ಅರ್ಧ ಮಾತ್ರ ತಿರುಗಿಸಿ.

ನೀರು ಹೊರಗೆ ಹೋಗುವಾಗ ಕಟಕಟ, ಗರಗರ ಅಂದರೆ ಡ್ರೇನ್ ಪಂಪ್. ಫ್ರಂಟ್ ಲೋಡಿನಲ್ಲಿ ಮುಂದೆ ಕೆಳಗೆ ಮೂಲೆಯಲ್ಲಿ ಸಣ್ಣ ಬಾಗಿಲು ಇರುತ್ತದೆ, ಒಳಗೆ ತಿರುಪಿನ ಫಿಲ್ಟರ್. ಬಿಸಿನೀರಿನ ವಾಷ್ ಆಗಿದ್ದರೆ ಆರುವವರೆಗೆ ಕಾಯಿರಿ. ಅಗಲವಾದ ತಟ್ಟೆ ಇಟ್ಟು, ಪಕ್ಕದ ಸಣ್ಣ ಪೈಪ್ ಇದ್ದರೆ ಅದರಿಂದ ಮೊದಲು ನೀರು ಬಿಡಿ. ಆಮೇಲೆ ಫಿಲ್ಟರನ್ನು ಎಡಕ್ಕೆ ತಿರುಗಿಸಿ. ವಾಸನೆಗೆ ಮೂಗು ಮುಚ್ಚಿಕೊಳ್ಳಿ. ಒಂದು ರೂಪಾಯಿ ನಾಣ್ಯ, ಬಳೆ ಚೂರು, ಸೀರೆ ಪಿನ್ನು, ಕೂದಲ ಉಂಡೆ, ಅಂಗಿಯ ಗುಂಡಿ, ಹಾಲು ಕೂಪನ್ನಿನ ಮುದ್ದೆ, ಏನು ಬೇಕಾದರೂ ಬರಬಹುದು. ಫಿಲ್ಟರ್ ತೊಳೆದು ಹಾಕಿದರೆ ಮುಗಿಯಲಿಲ್ಲ. ಟಾರ್ಚ್ ಹಿಡಿದು ಒಳಗೆ ನೋಡಿ, ಪುಟ್ಟ ಫ್ಯಾನ್ ಕಾಣುತ್ತದೆ. ಪ್ಲಗ್ ಕಿತ್ತಿದೆ ತಾನೇ? ಕಡ್ಡಿಯಿಂದ ಅದನ್ನು ತಿರುಗಿಸಿ. ಸ್ವಲ್ಪ ತಡೆದು ತಡೆದು ತಿರುಗುವುದು ಸರಿ, ಒಳಗೆ ಅಯಸ್ಕಾಂತ ಇದೆ. ಪೂರ್ತಿ ಕಚ್ಚಿಕೊಂಡಿದ್ದರೆ ದಾರವೋ ತಂತಿಯೋ ಸುತ್ತಿದೆ. ಅದನ್ನು ಬಿಡಿಸಿ.

ಒಳ ಉಡುಪಿನ ತಂತಿ ಇನ್ನೊಂದು ತಲೆನೋವು. ಅದು ಡ್ರಮ್ಮಿನ ತೂತಿನಿಂದ ಇಳಿದು, ಒಳ ಡ್ರಮ್ಮಿಗೂ ಹೊರ ಟಬ್ಬಿಗೂ ನಡುವೆ ನಿಂತು ಕಿರ್ರ್ ಅಂತ ಗೀರುತ್ತದೆ. ಕೈಯಲ್ಲಿ ಡ್ರಮ್ ತಿರುಗಿಸಿದರೂ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಸದ್ದು ಬರುತ್ತದೆ. ಟಾರ್ಚ್ ಹಾಕಿ ತೂತುಗಳಲ್ಲಿ ನೋಡಿ, ತುದಿ ಕಂಡರೆ ಚೂಪು ಇಕ್ಕಳದಲ್ಲಿ ಎಳೆಯಿರಿ. ಕಾಣದಿದ್ದರೆ ಹೀಟರ್ ಬಿಚ್ಚಿ ಆ ಕಿಂಡಿಯಿಂದ ತೆಗೆಯಬೇಕು. ಹೀಟರ್ ವೈರಿಂಗ್ ಗೊತ್ತಿಲ್ಲದವರು ಅಲ್ಲಿಗೆ ನಿಲ್ಲಿಸಿ.

ಸ್ಪಿನ್ ಸದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸ್ಪಿನ್‌ನಲ್ಲಿ ಸದ್ದು ಅಂದ ಕೂಡಲೇ ರಿಪೇರಿಯವರ ಬಾಯಲ್ಲಿ ಬರುವುದು ಒಂದೇ ಮಾತು. ನಮ್ಮ ಮನೆಗೆ ಬಂದ ಹುಡುಗ ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಹೇಳಿಬಿಟ್ಟ: "ಬೇರಿಂಗ್ ಹೋಗಿದೆ ಮೇಡಂ, ಡ್ರಮ್ ಸೆಟ್ಟೇ ಚೇಂಜ್ ಮಾಡ್ಬೇಕು." ಮೆಷಿನ್ ಮುಟ್ಟಿಯೂ ಇರಲಿಲ್ಲ. "ನೋಡಿ ಹೇಳಪ್ಪ" ಅಂದೆ. ಹೊಸ ಮೆಷಿನ್ನಿಗೇ ಹತ್ತಿರ ಬರುವ ಒಂದು ಮೊತ್ತ ಹೇಳಿ ಹೋದ.

ಅವತ್ತು ಸಂಜೆ ಮೇಲಿನ ಮುಚ್ಚಳ ತೆಗೆದೆ. ಹಿಂದೆ ಎರಡು ಸ್ಕ್ರೂ, ಬಿಚ್ಚಿ ಹಿಂದಕ್ಕೆ ಒಂದಿಂಚು ಜಾರಿಸಿ ಎತ್ತಿದರೆ ಬರುತ್ತದೆ. ಒಳಗೆ ಮೊದಲು ಕಣ್ಣಿಗೆ ಬೀಳುವುದು ಒಂದು ಕಾಂಕ್ರೀಟ್ ದಿಮ್ಮಿ. ಹೌದು, ಸಿಮೆಂಟಿನ ಗಟ್ಟಿಯೇ. ಟಬ್ ಹಾರದಿರಲಿ ಅಂತ ಮೇಲೆ, ಮುಂದೆ ಹೀಗೆ ಭಾರ ಕಟ್ಟಿರುತ್ತಾರೆ. ದಿಮ್ಮಿ ಹಿಡಿದು ಅಲ್ಲಾಡಿಸಿದರೆ ಕಟ್ ಕಟ್ ಅಂದಿತು. ಬೋಲ್ಟಿನ ಸುತ್ತ ಬೂದುಬಣ್ಣದ ಪುಡಿ ಉದುರಿತ್ತು, ಅದುರಿ ಅದುರಿ ತೂತು ಸವೆದಿತ್ತು. ಬೋಲ್ಟು ಸ್ಪ್ಯಾನರ್ ಇಲ್ಲದೆ ಬೆರಳಲ್ಲೇ ತಿರುಗಿತು. ಪುಡಿ ಒರೆಸಿ, ಅಗಲವಾದ ವಾಷರ್ ಹಾಕಿ ಬಿಗಿ ಮಾಡಿದೆ. ಸದ್ದು ಹೋಯಿತು. ಬಿಗಿ ಮಾಡುವಾಗ ಕೈ ಬಿಗಿಯ ಮೇಲೆ ಸ್ವಲ್ಪ ಸಾಕು. ಟಬ್ ಪ್ಲಾಸ್ಟಿಕ್, ಬಲ ಹಾಕಿದರೆ ಬೋಲ್ಟು ಕೂರುವ ತಿರುಪೇ ಕಿತ್ತು ಬರುತ್ತದೆ. ದಿಮ್ಮಿಯೇ ಬಿರುಕು ಬಿಟ್ಟಿದ್ದರೆ ಅಂಟು ಹಾಕಿ ಪ್ರಯೋಜನ ಇಲ್ಲ, ಹೊಸದು ತರಿಸಬೇಕು.

ಮುಚ್ಚಳ ತೆಗೆದಿರುವಾಗಲೇ ಇನ್ನೊಂದು ಪರೀಕ್ಷೆ ಮಾಡಿ. ಟಬ್ಬನ್ನು ಎರಡು ಕೈಯಿಂದ ಕೆಳಕ್ಕೆ ಒತ್ತಿ ಬಿಟ್ಟುಬಿಡಿ. ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಕೆಳಗಿನ ಶಾಕ್ ಅಬ್ಸಾರ್ಬರ್ ಸತ್ತಿದೆ. ಇದಕ್ಕೊಂದು ಗುರುತು ಇದೆ. ಸ್ಪಿನ್ ವೇಗ ಏರುವಾಗ ನಡುವೆ ಒಂದು ಹಂತದಲ್ಲಿ ಮೆಷಿನ್ ಜೋರಾಗಿ ಕುಣಿಯುತ್ತದೆ, ಅದನ್ನು ದಾಟಿ ಪೂರ್ತಿ ವೇಗಕ್ಕೆ ಹೋದ ಮೇಲೆ ತಣ್ಣಗಾಗುತ್ತದೆ. ಪ್ರತಿಯೊಂದು ತೂಗುವ ವಸ್ತುವಿಗೂ ತನ್ನದೇ ಒಂದು ಲಯ ಇದೆ, ವೇಗ ಆ ಲಯಕ್ಕೆ ಕೂಡಿದಾಗ ಕುಣಿತ ಹೆಚ್ಚುತ್ತದೆ. ಅದನ್ನು ತಡೆಯುವುದೇ ಈ ಶಾಕ್‌ಗಳ ಕೆಲಸ. ಬದಲಿಸುವಾಗ ಜೋಡಿಯಾಗಿ ಬದಲಿಸಿ. ಕಿರಕಿರ ಅಂತ ಅವಕ್ಕೆ ಎಣ್ಣೆ ಬಿಡಬೇಡಿ. ಅವು ತಡೆಯುವುದೇ ಉಜ್ಜಾಟದಿಂದ, ಎಣ್ಣೆ ಬಿಟ್ಟರೆ ಇದ್ದ ತಡೆಯೂ ಹೋಯಿತು.

ಈಗ ಬೇರಿಂಗ್, ಅಂದರೆ ಡ್ರಮ್ಮಿನ ಅಚ್ಚು ಸಲೀಸಾಗಿ ತಿರುಗಲು ಇರುವ ಗುಂಡುಗಳ ಉಂಗುರ. ನಿಜವಾಗಿ ಹೋಗಿದ್ದರೆ ಅದು ಮುಚ್ಚಿಟ್ಟುಕೊಳ್ಳುವುದಿಲ್ಲ. ಮೊದಮೊದಲು ಸಣ್ಣ ಗೊರಗೊರ, ತಿಂಗಳು ಕಳೆದ ಹಾಗೆ ಜೋರಾಗುತ್ತದೆ. ವೇಗದ ಜೊತೆಗೇ ಏರಿ, ಪೂರ್ತಿ ಸ್ಪಿನ್‌ನಲ್ಲಿ ವಿಮಾನ ಹೊರಟ ಹಾಗೆ ಕೇಳಿಸುತ್ತದೆ. ಬಾಗಿಲು ತೆಗೆದು ಒಳ ಡ್ರಮ್ಮಿನ ಮೇಲಂಚು ಹಿಡಿದು ಮೇಲೆ ಕೆಳಗೆ ಎತ್ತಿ. ಒಳ ಡ್ರಮ್ ಹೊರ ಟಬ್ ಎರಡೂ ಒಟ್ಟಿಗೆ ಅಲುಗಿದರೆ ತೊಂದರೆ ಇಲ್ಲ. ಒಳಗಿನದು ಮಾತ್ರ ಬೇರೆಯಾಗಿ ಲೊಡಲೊಡ ಅಂದರೆ ಅನುಮಾನ ಪಡಿ. ಆಮೇಲೆ ಹಿಂದಿನ ತಗಡು ಬಿಚ್ಚಿ. ಬೆಲ್ಟ್ ಇರುವ ಮೆಷಿನ್ ಆದರೆ ಬೆಲ್ಟ್ ಕಳಚಿ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ, ಮೋಟರನ್ನು ಬೇರೆ ತಿರುಗಿಸಿ. ಡ್ರಮ್ ಸದ್ದು ಮಾಡಿದರೆ ಬೇರಿಂಗ್, ಮೋಟರ್ ಮಾಡಿದರೆ ಮೋಟರ್. ಎರಡೂ ಸುಮ್ಮನಿದ್ದು ಬೆಲ್ಟ್ ಅಂಚು ಹರಿದಿದ್ದರೆ, ಕೆಳಗೆ ಕಪ್ಪು ಪುಡಿ ಬಿದ್ದಿದ್ದರೆ, ಕೀಂಯ್ ಅನ್ನುತ್ತಿದ್ದದ್ದು ಬೆಲ್ಟ್. ಅದರ ಮೇಲೆ ಅಚ್ಚಾದ ನಂಬರ್ ತೋರಿಸಿದರೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೊಡುತ್ತಾರೆ. ಮೋಟರ್ ನೇರ ಡ್ರಮ್ಮಿಗೇ ಕೂಡಿರುವ ಡೈರೆಕ್ಟ್ ಡ್ರೈವ್ ಮೆಷಿನ್‌ಗಳಲ್ಲಿ ಬೆಲ್ಟ್ ಇರುವುದೇ ಇಲ್ಲ.

ಡ್ರಮ್ಮಿನ ನಡುವೆ ಹಿಂಭಾಗದಲ್ಲಿ ತುಕ್ಕು ಬಣ್ಣದ ನೀರು ಇಳಿದ ಗೆರೆ ಕಂಡರೆ ಇನ್ನು ಅನುಮಾನ ಬೇಡ. ಬೇರಿಂಗ್ ಸುಮ್ಸುಮ್ನೆ ಸಾಯುವುದು ಅಪರೂಪ. ಅದರ ಮುಂದಿನ ರಬ್ಬರ್ ಸೀಲ್ ಸವೆದು ಸೋಪಿನ ನೀರು ಒಳಗೆ ಹೋಗಿ ಗ್ರೀಸ್ ತೊಳೆದು ಹೋಗುತ್ತದೆ. ಹಾಗಾಗಿ ಬೇರಿಂಗ್ ಹಾಕಿಸಿ ಸೀಲ್ ಹಾಕಿಸದಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೇ. ಫ್ರಂಟ್ ಲೋಡಿನಲ್ಲಿ ಸಾಮಾನ್ಯವಾಗಿ ಎರಡು ಬೇರಿಂಗ್, ಒಂದು ಚಿಕ್ಕದು ಒಂದು ದೊಡ್ಡದು. 6204 ಮತ್ತು 6205, ಇಲ್ಲವೇ 6205 ಮತ್ತು 6206, ಇಂಥ ಜೋಡಿಗಳು. ನಂಬರ್ ಬೇರಿಂಗಿನ ಮೇಲೇ ಕೊರೆದಿರುತ್ತದೆ. ಮೋಟರ್ ಬೈಕಿನ ಅಂಗಡಿಯಲ್ಲೂ ಇದೇ ನಂಬರ್ ಸಿಗುತ್ತದೆ. 6205 ಅಂದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್, ಯಾವ ಕಂಪನಿಯದಾದರೂ ಅದೇ ಅಳತೆ.

ಈ ಕೆಲಸವನ್ನು ಮನೆಯಲ್ಲಿ ಮಾಡಬಹುದಾ? ಮಾಡಬಹುದು, ಒಂದು ಪೂರ್ತಿ ದಿನ ಮತ್ತು ಇನ್ನೊಬ್ಬರ ಕೈ ಬೇಕು. ಇಡೀ ಟಬ್ ಹೊರಗೆ ಬರಬೇಕು. ಹೊಸ ಬೇರಿಂಗನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸುಲಭವಾಗಿ ಕೂರುತ್ತದೆ. ಬಡಿಯುವಾಗ ಹೊರ ಉಂಗುರದ ಮೇಲೆ ಮಾತ್ರ, ಸುತ್ತಲೂ ಸಮವಾಗಿ. ಒಳ ಉಂಗುರಕ್ಕೆ ಬಡಿದರೆ ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೇ ಮೊದಲ ದಿನದಿಂದ ಕೂಗುತ್ತದೆ. ಸೀಲಿನ ತುಟಿಗೆ ನೀರಿಗೆ ಕರಗದ ಗ್ರೀಸ್ ಹಚ್ಚಿ. ಕೆಲವು ಮೆಷಿನ್‌ಗಳ ಟಬ್ ಎರಡು ಭಾಗ ಸೇರಿಸಿ ಬೆಸೆದೇ ಬಿಟ್ಟಿರುತ್ತಾರೆ, ಬೋಲ್ಟು ಇರುವುದಿಲ್ಲ. ಅಂಥದ್ದರಲ್ಲಿ ಡ್ರಮ್ ಸೆಟ್ ಬದಲಿಸಬೇಕು ಅನ್ನುವ ಮಾತು ನಿಜವೇ. ನಾನಂತೂ ಬೇರಿಂಗ್ ಕೆಲಸ ಮೆಕ್ಯಾನಿಕ್ಕಿಗೆ ಬಿಡುತ್ತೇನೆ.

ಕೈಯಲ್ಲಿ ತಿರುಗಿಸಿದರೆ ಡ್ರಮ್ ನುಣ್ಣಗಿದೆ, ಆದರೆ ಒಂದು ಕಡೆ ಒತ್ತಿದರೆ ಓರೆಯಾಗುತ್ತದೆ, ಸ್ಪಿನ್‌ನಲ್ಲಿ ಬಡಿಯುತ್ತದೆ ಅಂದರೆ ಡ್ರಮ್ ಹಿಂದಿನ ಮೂರು ಕೈಯ ಅಲ್ಯೂಮಿನಿಯಂ ಚೌಕಟ್ಟು ಮುರಿದಿರಬಹುದು. ನಮ್ಮ ಕೋಲಾರದ ಕಡೆ ಇದು ಅಪರೂಪ ಅಲ್ಲ. ಸಾವಿರ ಅಡಿ ಬೋರಿನ ಗಡಸು ನೀರು, ಕರಗದೆ ಉಳಿದ ಪೌಡರು, ಎರಡೂ ಸೇರಿ ಅದರ ಮೇಲೆ ಪದರಗಟ್ಟಿ ತಿನ್ನುತ್ತಾ ಹೋಗುತ್ತವೆ. ಇಂಥ ಮೆಷಿನ್ ಇನ್ನೊಂದು ಸ್ಪಿನ್ ಕೂಡ ಓಡಿಸಬೇಡಿ, ಡ್ರಮ್ ಕಿತ್ತು ಟಬ್ ಸೀಳುತ್ತದೆ. ಬಾರದ ಹಾಗೆ ಮಾಡಲು ಪೌಡರ್ ಕಡಿಮೆ ಹಾಕಿ, ಆಗಾಗ ಖಾಲಿ ಮೆಷಿನ್ನಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ 60 ಡಿಗ್ರಿ ಬಿಸಿನೀರಿನಲ್ಲಿ ಒಂದು ವಾಷ್ ಓಡಿಸಿ. ಅದರ ಜೊತೆ ಬ್ಲೀಚ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಮುಗಿದ ಮೇಲೆ ಫಿಲ್ಟರ್ ತೆಗೆದು ನೋಡಿ, ಸುಣ್ಣದ ಚಕ್ಕೆ ಕೂತಿರುತ್ತದೆ. ಅದೂ ಪಂಪಿನಲ್ಲಿ ಕಟಕಟ ಅನ್ನುವ ಸಾಮಾನೇ.

ಟಾಪ್ ಲೋಡ್, ಸೆಮಿ ಆಟೋಮ್ಯಾಟಿಕ್

ಟಾಪ್ ಲೋಡಿನಲ್ಲಿ ತಳದ ಬಿಲ್ಲೆ ತಿರುಗುವಾಗ ಕರಕರ ಅಂದರೆ ಅದರಡಿ ಏನೋ ಸಿಕ್ಕಿದೆ. ನಡುವಿನ ಮುಚ್ಚಳ ಎಬ್ಬಿಸಿ ಸ್ಕ್ರೂ ಬಿಚ್ಚಿ. ಬಿಲ್ಲೆ ಸುಲಭಕ್ಕೆ ಬರುವುದಿಲ್ಲ, ಸುಣ್ಣಗಟ್ಟಿ ಕಚ್ಚಿರುತ್ತದೆ. ಬಿಸಿನೀರು ಸುರಿದು ಸ್ವಲ್ಪ ಬಿಟ್ಟು, ಅಂಚಿನ ತೂತಿಗೆ ಗಟ್ಟಿ ಲಾಡಿ ಪೋಣಿಸಿ ನೆಟ್ಟಗೆ ಮೇಲಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಂಚು ಮುರಿಯುತ್ತದೆ. ಬಿಲ್ಲೆಯ ನಡುವಿನ ಹಲ್ಲು ಸವೆದಿದ್ದರೂ ಅದೇ ಕರಕರ, ಆಗ ಹೊಸ ಬಿಲ್ಲೆ. ಸ್ಪಿನ್‌ನಲ್ಲಿ ಟಬ್ ಪಕ್ಕಕ್ಕೆ ಹೊಡೆದರೆ ಅದನ್ನು ತೂಗಿಹಾಕಿರುವ ನಾಲ್ಕು ಸರಳುಗಳನ್ನು ನೋಡಿ. ಒಂದು ಜೋತಿದ್ದರೂ ನಾಲ್ಕನ್ನೂ ಬದಲಿಸಿ. ಕೆಲವು ಮೆಷಿನ್‌ಗಳಲ್ಲಿ ಸರಳುಗಳು ಒಂದೇ ಥರ ಇರುವುದಿಲ್ಲ, ಯಾವುದು ಎಲ್ಲಿತ್ತು ಅಂತ ಮೊದಲೇ ಫೋಟೋ ತೆಗೆದುಕೊಳ್ಳಿ.

ಸೆಮಿ ಆಟೋಮ್ಯಾಟಿಕ್ ಪಾಪ, ಅದು ಸರಳ ಜೀವಿ. ಹಿಂಡುವ ಟಬ್ಬಿನಲ್ಲಿ ಬಟ್ಟೆ ಮೇಲೆ ಒತ್ತುವ ಪ್ಲಾಸ್ಟಿಕ್ ಬಿಲ್ಲೆ ಹಾಕದಿದ್ದರೆ ಕಾಲುಚೀಲ ಹಾರಿ ಟಬ್ಬಿನ ಹೊರಗೆ ಬಿದ್ದು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅತ್ತೆ ಮೆಷಿನ್ನಿನ ಎಲ್ಲ ಸದ್ದಿನ ಹಿಂದೆಯೂ ಮಾವನ ಒಂದು ಕಾಲುಚೀಲ ಇರುತ್ತಿತ್ತು. ಇನ್ನೊಂದು ಸಾಮಾನ್ಯ ದೋಷ ಬ್ರೇಕ್. ಮುಚ್ಚಳ ತೆರೆದರೆ ಟಬ್ ನಿಲ್ಲಿಸುವ ಬ್ರೇಕಿನ ತಂತಿ ಸಡಿಲವಾದರೆ ಅದು ಪೂರ್ತಿ ಬಿಡುವುದಿಲ್ಲ, ಟಬ್ ಕಿರ್ರ್ ಅನ್ನುತ್ತಾ ನಿಧಾನಕ್ಕೆ ತಿರುಗುತ್ತದೆ, ರಬ್ಬರ್ ಸುಟ್ಟ ವಾಸನೆ. ಹಿಂದಿನ ಮುಚ್ಚಳ ಬಿಚ್ಚಿ ತಂತಿ ಒಂದು ತೂತು ಮುಂದಕ್ಕೆ ಸಿಕ್ಕಿಸಿದರೆ ಸಾಕಾಗುತ್ತದೆ. ಗುಂಯ್ ಅಂತ ಸದ್ದು ಇದೆ, ತಿರುಗುವುದೇ ಇಲ್ಲ ಅಂದರೆ ಕೂಡಲೇ ಆಫ್ ಮಾಡಿ. ಅದು ಬಹುಶಃ ಕೆಪಾಸಿಟರ್, ಹಾಗೇ ಬಿಟ್ಟರೆ ಮೋಟರ್ ಕಾಯಿಲ್ ಸುಡುತ್ತದೆ.

ಇಷ್ಟೆಲ್ಲ ನೋಡಿ ಕೊನೆಗೆ ಮೆಕ್ಯಾನಿಕ್ಕನ್ನೇ ಕರೆಸಿದರೆ ರೆಕಾರ್ಡ್ ಮಾಡಿದ ಸದ್ದು ಕೇಳಿಸಿ, ಯಾವ ಹಂತದಲ್ಲಿ ಬರುತ್ತದೆ ಅಂತ ಹೇಳಿ. ಬೇರಿಂಗ್ ಅಂದರೆ "ಸೀಲ್ ಸೇರಿಸಿ ಎಷ್ಟಪ್ಪ? ಯಾವ ನಂಬರ್ ಹಾಕ್ತೀಯಾ?" ಅಂತ ಕೇಳಿ. ಈ ಕೆಲಸದಲ್ಲಿ ಸಾಮಾನಿಗಿಂತ ಕೂಲಿಯೇ ಜಾಸ್ತಿ, ಹಾಗಾಗಿ ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ತೆಗೆದ ಹಳೆಯ ಬೇರಿಂಗ್ ನಿಮ್ಮ ಕೈಗೆ ಕೊಡಲಿ. ಬೆರಳಲ್ಲಿ ತಿರುಗಿಸಿ ನೋಡಿ, ತುಕ್ಕು ಹಿಡಿದು ಗರಗರ ಅಂದರೆ ಕೊಟ್ಟ ದುಡ್ಡಿಗೆ ಕಾರಣ ಇತ್ತು. ನುಣ್ಣಗೆ ತಿರುಗಿದರೆ ಅವರು ಹೋಗುವ ಮುಂಚೆ ಖಾಲಿ ಮೆಷಿನ್ನಿಗೆ ಪೂರ್ತಿ ವೇಗದ ಒಂದು ಸ್ಪಿನ್ ಹಾಕಿಸಿ.